ಏಳು ತಿಂಗಳಾದರೂ ಅಪ್ಪನ ಕಾಲಿನ ಮೂಳೆ ಕೂಡಿಲ್ಲ. ಈ ಕಾಯಿಲ್ ಮೆಷಿನ್ ನಂಬಬಹುದಾ?

ಕಲ್ಪತರು_ಹುಡುಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಪ್ಪನಿಗೆ 61 ವರ್ಷ. ತಿಪಟೂರು ಹತ್ತಿರ ತೆಂಗಿನ ತೋಟ ಇದೆ. ಏಳು ತಿಂಗಳ ಹಿಂದೆ ಸಂತೆಯಿಂದ ಮೊಪೆಡ್‌ನಲ್ಲಿ ಬರುವಾಗ ನಾಯಿ ಅಡ್ಡ ಬಂತು, ಬಿದ್ದರು. ಬಲಗಾಲಿನ ಮೊಣಕಾಲಿಗೂ ಪಾದಕ್ಕೂ ನಡುವಿನ ದೊಡ್ಡ ಮೂಳೆ, ಹಿಮ್ಮಡಿಯಿಂದ ಒಂದು ಗೇಣು ಮೇಲೆ ಮುರಿಯಿತು. ಚರ್ಮ ಹರಿದಿರಲಿಲ್ಲ. ಮಾರನೇ ದಿನವೇ ಒಳಗೆ ರಾಡ್ ಹಾಕಿದರು. ಮೂರು ತಿಂಗಳಿಗೆ ತೋಟಕ್ಕೆ ಹೋಗಬಹುದು ಎಂದಿದ್ದರು. ಈಗಲೂ ವಾಕರ್ ಹಿಡಿದೇ ಓಡಾಡುತ್ತಾರೆ, ಕಾಲೂರಿದರೆ ನೋವು. ಮೊನ್ನೆ ಎಕ್ಸ್‌ರೇ ನೋಡಿ "ಮೂಳೆ ಕೂಡಿಲ್ಲ, ಇನ್ನೊಂದು ಆಪರೇಷನ್ ಬೇಕಾಗಬಹುದು" ಎಂದರು.

ಅಷ್ಟರಲ್ಲಿ ಒಬ್ಬ ಸಲಕರಣೆ ಮಾರುವವನು ಮನೆಗೇ ಬಂದ. ಒಂದು ಬಳೆಯಂಥ ಕಾಯಿಲ್, ಅದಕ್ಕೊಂದು ಸಣ್ಣ ಪೆಟ್ಟಿಗೆ. ಕಾಲಿಗೆ ಕಟ್ಟಿಕೊಂಡು ದಿನವೂ ಕೂತರೆ ಕಾಂತಶಕ್ತಿಯಿಂದ ಮೂಳೆ ಬೆಳೆಯುತ್ತದಂತೆ. ಮೂರು ತಿಂಗಳ ಬಾಡಿಗೆ 22 ಸಾವಿರ. ದೊಡ್ಡಪ್ಪ ಮಾತ್ರ "ಅದೆಲ್ಲ ಬೇಡ, ಪುತ್ತೂರು ಕಟ್ಟು ಹಾಕಿಸೋಣ" ಅಂತ ಗಾಡಿ ಬುಕ್ ಮಾಡಲು ನಿಂತಿದ್ದಾರೆ. ನನಗೆ ತಲೆ ಕೆಟ್ಟಿದೆ. ಯಾರಾದರೂ ಉಪಯೋಗಿಸಿದ್ದೀರಾ?

ಚುರುಮುರಿ:
22 ಸಾವಿರ ಕೊಟ್ಟು ಬಳೆ ತೊಡಿಸುತ್ತಾರಾ? ನಮ್ಮ ಊರಲ್ಲಿ 2004ರಲ್ಲಿ ಕಾಂತದ ಹಾಸಿಗೆ ಮಾರಿಕೊಂಡು ಹೋದವರ ಮೊಮ್ಮಕ್ಕಳು ಇವರು.

ಕರಾವಳಿ_ಕಾಗೆ:
ಪುತ್ತೂರಲ್ಲಿ ಯಾರು ಮಾರಾಯ್ರೆ ಕಟ್ಟು ಕಟ್ಟುವುದು? ನಾನು ಹುಟ್ಟಿದ್ದೇ ಪುತ್ತೂರಲ್ಲಿ. ಮಹಾಲಿಂಗೇಶ್ವರನ ಜಾತ್ರೆ ಗೊತ್ತು, ಕಟ್ಟು ಗೊತ್ತಿಲ್ಲ.

ರಾಗಿ_ಕಣಜ:
ಕಾಗೆ ಅಣ್ಣ, ಅದು ನಿಮ್ಮ ಪುತ್ತೂರಲ್ಲ. ಆಂಧ್ರದ ಪುತ್ತೂರು, ತಿರುಪತಿಯಿಂದ ಆಚೆ. ಬೆಂಗಳೂರು, ಕೋಲಾರದ ಕಡೆಯವರಿಗೆ ಮೂಳೆ ಮುರಿದರೆ ಮೊದಲು ಬರುವ ಹೆಸರೇ ಅದು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ. ನಮ್ಮ ಅಮ್ಮನ ಮುಂಗೈ ಅಲ್ಲೇ ಸರಿಯಾಯಿತು.

ಕರಾವಳಿ_ಕಾಗೆ:
ಓಹೋ. ಹಾಗಾದರೆ ಇಷ್ಟು ವರ್ಷ ನಮ್ಮ ಊರಿನ ಹೆಸರಲ್ಲಿ ಸುಮ್ನೆ ಜಂಬ ಪಟ್ಟೆ.

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ತಮ್ಮಾ, ಗಾಡಿ ಬುಕ್ ಮಾಡಬ್ಯಾಡ ಅಂತ ಮೊದಲು ದೊಡ್ಡಪ್ಪನವರಿಗೆ ಹೇಳು. ಒಳಗೆ ರಾಡ್ ಇರುವ ಕಾಲಿಗೆ ಹೊರಗಿನಿಂದ ದಬ್ಬೆ ಕಟ್ಟಿ ಏನು ಸಿಗುತ್ತದೆ? ಮುಂಗೈ ಎಲುಬು ಅಲುಗಾಡದಂತೆ ಹಿಡಿದಿಟ್ಟರೆ ಬಹಳಷ್ಟು ಸಲ ತಾನೇ ಕೂಡುತ್ತದೆ. ಅದನ್ನು ಪ್ಲಾಸ್ಟರ್ ಹಿಡಿದರೂ ಅಷ್ಟೇ, ಬಿದಿರು ಹಿಡಿದರೂ ಅಷ್ಟೇ. ಆದರೆ ಬಿಗಿಯಾಗಿ ಕಟ್ಟಿ ರಕ್ತ ಓಡದೆ ಬೆರಳು ಕಪ್ಪಾದ ಮೇಲೆ ನಮ್ಮ ಹತ್ತಿರ ಬಂದವರನ್ನೂ ನೋಡಿದ್ದೇನೆ. ಆಗ ನಾವು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಈಗ ನಿನ್ನ ಪ್ರಶ್ನೆ. ಮೆಷಿನ್ ಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಎಲುಬು ಯಾಕೆ ಕೂಡಲಿಲ್ಲ ಅಂತ ಕೇಳಬೇಕು. ಅಪ್ಪನವರಿಗೆ ಮುರಿದಿರುವ ಜಾಗ ಮೊದಲೇ ತಕರಾರಿನದು. ಟಿಬಿಯಾ ಅಂದರೆ ಮೊಣಕಾಲ ಕೆಳಗಿನ ಆ ದೊಡ್ಡ ಎಲುಬು. ಅದರ ಕೆಳಭಾಗಕ್ಕೆ ಸುತ್ತ ಮಾಂಸ ಕಡಿಮೆ, ಚರ್ಮದ ಕೆಳಗೇ ಎಲುಬು. ರಕ್ತ ಓಡಾಟವೂ ಕಡಿಮೆ. ಆದ್ದರಿಂದ ತಡವಾಗುವುದು ಹೊಸದೇನಲ್ಲ. ಆದರೂ ಕೇಳುತ್ತೇನೆ: ಶುಗರ್ ಇದೆಯಾ? ಗಾಯದಲ್ಲಿ ಕೀವು, ಜ್ವರ ಏನಾದರೂ ಬಂದಿತ್ತಾ? ಸೋಂಕು ನೋಡಲು ರಕ್ತ ಪರೀಕ್ಷೆ ಮಾಡಿಸಿದ್ದಾರಾ? ಎಕ್ಸ್‌ರೇಯಲ್ಲಿ ಎರಡು ತುದಿಗಳ ನಡುವೆ ಎಷ್ಟು ಸಂದು ಕಾಣುತ್ತದೆ? ಅಡ್ಡ ಸ್ಕ್ರೂ ಮುರಿದಿದೆಯಾ? ಬೀಡಿ, ಸಿಗರೇಟು, ತಂಬಾಕು? ದಿನವೂ ನೋವಿನ ಗುಳಿಗೆ ನುಂಗುತ್ತಾರಾ?

ಸುರುಳಿ_ಸುತ್ತೋನು:
ಚುರುಮುರಿ ಅವರೇ, ಕಾಂತದ ಹಾಸಿಗೆಗೂ ಇದಕ್ಕೂ ಹೋಲಿಸಬೇಡಿ. ನಾನು ಡಾಕ್ಟರಲ್ಲ, ಟ್ರಾನ್ಸ್‌ಫಾರ್ಮರ್ ಸುತ್ತಿ ಹೊಟ್ಟೆ ಹೊರೆಯುವವನು. ಆದರೆ ಈ ವಿಷಯ ನನ್ನ ಹಳೆಯ ಹುಚ್ಚು.

ಹಾಸಿಗೆಯಲ್ಲಿ ಇರುವುದು ಸುಮ್ಮನೆ ಬಿದ್ದಿರುವ ಆಯಸ್ಕಾಂತ. ಅದರ ಹತ್ತಿರ ತಂತಿ ಇಟ್ಟರೆ ಏನೂ ಹರಿಯುವುದಿಲ್ಲ. ಕಾಂತಕ್ಷೇತ್ರ ಏರಿಳಿದರೆ ಮಾತ್ರ ಪಕ್ಕದಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ, ನನ್ನ ಅನ್ನವೂ ಅದರಿಂದಲೇ. ಈ ಕಾಯಿಲ್‌ನಲ್ಲಿ ಕರೆಂಟನ್ನು ಸಣ್ಣ ಸಣ್ಣ ಮಿಡಿತಗಳಾಗಿ ಬಿಡುತ್ತಾರೆ. ಸೆಕೆಂಡಿಗೆ 15 ಸಲ ಒಂದೊಂದು ಗುಚ್ಛ ಅನ್ನುವುದು ಹಳೆಯ ಲೆಕ್ಕ. ಆ ಏರಿಳಿತದಿಂದ ಕಾಲಿನೊಳಗೆ, ಮುರಿದ ಜಾಗದಲ್ಲಿ, ತೀರಾ ಸಣ್ಣ ಕರೆಂಟ್ ಹುಟ್ಟುತ್ತದೆ. ಚರ್ಮ ಕೊಯ್ಯಬೇಕಿಲ್ಲ, ತಂತಿ ತೂರಿಸಬೇಕಿಲ್ಲ. ಒಂದು ಮಿಲಿಟೆಸ್ಲಾ ಆಸುಪಾಸಿನ ಕ್ಷೇತ್ರ ಅಷ್ಟೇ. ಎಂಆರ್‌ಐ ಮೆಷಿನ್ 1500 ಮಿಲಿಟೆಸ್ಲಾ.

ಮೂಳೆಗೂ ಕರೆಂಟಿಗೂ ಏನು ಸಂಬಂಧ ಅಂತ ಕೇಳಿದರೆ ಜಪಾನಿಗೆ ಹೋಗಬೇಕು. ಅಲ್ಲಿ ಯಸುದಾ ಅಂತ ಒಬ್ಬ ಮೂಳೆ ಡಾಕ್ಟರು, ಫುಕಾಡಾ ಅಂತ ಒಬ್ಬ ಭೌತವಿಜ್ಞಾನಿ. ಮೂಳೆಯ ತುಂಡನ್ನು ಒತ್ತಿದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ ಅಂತ 1957ರಲ್ಲಿ ಬರೆದರು. ಗ್ಯಾಸ್ ಲೈಟರ್ ಚಟ್ ಅನ್ನಿಸಿದರೆ ಕಿಡಿ ಬರುತ್ತದಲ್ಲ, ಅದೇ ಗುಣ. ಒತ್ತಡ ಬಿದ್ದ ಕಡೆ ಋಣ ಆವೇಶ, ಅಲ್ಲೇ ಹೊಸ ಮೂಳೆ ಕೂರುತ್ತದೆ. ಹಾಗಾದರೆ ಹೊರಗಿನಿಂದಲೇ ಕರೆಂಟ್ ಕೊಟ್ಟರೆ ಮೂಳೆಗೆ "ಕಟ್ಟು" ಅಂತ ಹೇಳಿದಂತಲ್ವಾ? ಎಲ್ಲ ಶುರುವಾದದ್ದು ಇಲ್ಲಿಂದ.

ಅಂಕಿ_ಅಣ್ಣ:
ಸುರುಳಿಯವರೇ, ಅರ್ಧ ಸರಿ. ಫುಕಾಡಾ ಅಳೆದದ್ದು ಒಣಗಿದ ಮೂಳೆಯನ್ನು. ಜೀವ ಇರುವವರ ಮೂಳೆ ಹಸಿ. ಅದರೊಳಗೆ ಸಣ್ಣ ಸಣ್ಣ ಕಾಲುವೆ, ಅವುಗಳಲ್ಲಿ ಉಪ್ಪುನೀರಿನಂಥ ದ್ರವ. ಒತ್ತಿದಾಗ ಆ ದ್ರವ ಸರಿದು ಹುಟ್ಟಿಸುವ ವೋಲ್ಟೇಜೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಲೈಟರ್ ಕಥೆ ಹೇಳಲು ಚೆಂದ, ಹಸಿ ಮೂಳೆಗೆ ಪೂರ್ತಿ ಹೊಂದುವುದಿಲ್ಲ.

ಸುರುಳಿ_ಸುತ್ತೋನು:
ಒಪ್ಪಿದೆ. ಲೈಟರ್ ವಾಪಸ್ ಪಡೆದೆ. ಆದರೆ ವೋಲ್ಟೇಜ್ ಹುಟ್ಟುವುದು ನಿಜ ತಾನೇ?

ಅಂಕಿ_ಅಣ್ಣ:
ನಿಜ. ಹೊರಗಿನಿಂದ ಕೊಟ್ಟರೆ ಅದೇ ಕೆಲಸ ಆಗುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಚುರುಮುರಿ:
ಹಾಗಾದರೆ ಇಂಡಕ್ಷನ್ ಸ್ಟೋವ್ ಮೇಲೆ ಕಾಲಿಟ್ಟರೆ? ನಮ್ಮ ಮನೆಯಲ್ಲಿ ಒಂದು ಖಾಲಿ ಬಿದ್ದಿದೆ, ಬಾಡಿಗೆ 500 ಸಾಕು.

ಸುರುಳಿ_ಸುತ್ತೋನು:
ತಮಾಷೆಗೂ ಹೇಳಬೇಡಿ, ಯಾರಾದರೂ ಮಾಡಿಬಿಡುತ್ತಾರೆ. ತತ್ವ ಒಂದೇ, ಪ್ರಮಾಣ ಬೇರೆ. ಸ್ಟೋವ್ ಇರುವುದೇ ಲೋಹ ಕಾಯಿಸಲು. ಒಳಗೆ ರಾಡ್ ಇದೆ ಎಂದು ಮರೆಯಬೇಡಿ.

ನ್ಯೂಜೆರ್ಸಿ_ನಂಜನಗೂಡು:
ನಾನು ಬಳಸಿದ್ದೇನೆ! ಐದು ವರ್ಷದ ಹಿಂದೆ ಹಿಮದಲ್ಲಿ ಜಾರಿ ಪಾದದ ಕಿರುಬೆರಳಿನ ಕಡೆಯ ಮೂಳೆ ಮುರಿಯಿತು. ನಾಲ್ಕು ತಿಂಗಳು ಕೂಡಲಿಲ್ಲ. ಡಾಕ್ಟರು ಮೆಷಿನ್ ಬರೆದುಕೊಟ್ಟರು. ಇನ್ಶೂರೆನ್ಸ್‌ನವರು ಎರಡು ಎಕ್ಸ್‌ರೇ ಕೇಳಿದರು, ನಡುವೆ ಇಷ್ಟು ದಿನ ಆಗಿರಬೇಕು ಅಂದರು, ಪತ್ರ ಬರೆದು ಬರೆದು ಸಾಕಾಯಿತು. ಕೊನೆಗೆ ಬಂತು. ದಿನಕ್ಕೆ 20 ನಿಮಿಷ, ಜೆಲ್ ಹಚ್ಚಿ ಆ ಬಿಲ್ಲೆ ಕಟ್ಟಿಕೊಳ್ಳುವುದು. ಮೂರು ತಿಂಗಳಿಗೆ ಕೂಡಿತು. ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಅಂಕಿ_ಅಣ್ಣ:
ಜೆಲ್, 20 ನಿಮಿಷ ಎಂದರೆ ಅದು ಅಲ್ಟ್ರಾಸೌಂಡ್. ಶಬ್ದದ ಅಲೆ. ಈ ಕಾಯಿಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಶಬ್ದದ ಮೆಷಿನ್ನನ್ನು ಹೊಸದಾಗಿ ಟಿಬಿಯಾ ಮುರಿದು ರಾಡ್ ಹಾಕಿಸಿಕೊಂಡ 501 ಜನರ ಮೇಲೆ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಕೊಟ್ಟರು. ನಿಜವಾದ ಮೆಷಿನ್‌ಗೂ ಡಮ್ಮಿಗೂ ವ್ಯತ್ಯಾಸ ಕಾಣಲಿಲ್ಲ.

ನ್ಯೂಜೆರ್ಸಿ_ನಂಜನಗೂಡು:
ಹೌದಾ! ಐದು ವರ್ಷದಿಂದ ಎಲ್ಲರಿಗೂ ಮ್ಯಾಗ್ನೆಟ್ ಮ್ಯಾಗ್ನೆಟ್ ಅಂತ ಹೇಳಿಕೊಂಡು ತಿರುಗಿದ್ದೇನೆ. ಆದರೂ ನನಗೆ ಕೂಡಿತಲ್ಲ ಸ್ವಾಮಿ.

ಅಂಕಿ_ಅಣ್ಣ:
ಕೂಡಿತು. ಮೆಷಿನ್‌ನಿಂದಲೋ, ಇನ್ನೂ ಮೂರು ತಿಂಗಳು ಕಳೆದದ್ದರಿಂದಲೋ ಅದನ್ನು ನಿಮ್ಮ ಪಾದ ಹೇಳುವುದಿಲ್ಲ.

ಫಿಸಿಯೋ_ಅಕ್ಕ:
ಗೊಂದಲ ಇದೊಂದೇ ಅಲ್ಲ. ನಮ್ಮ ಕ್ಲಿನಿಕ್‌ಗೆ ಬರುವವರು ಎಲ್ಲಕ್ಕೂ "ಕರೆಂಟ್ ಇಡಿಸಿಕೊಂಡೆ" ಅನ್ನುತ್ತಾರೆ. ಐಎಫ್‌ಟಿ, ಟೆನ್ಸ್, ಇವು ನೋವು ಕಡಿಮೆ ಮಾಡಲು. ಜುಮುಜುಮು ಅನ್ನುತ್ತದೆ. ಮೂಳೆ ಕೂಡಿಸುವುದಿಲ್ಲ. ಶಾರ್ಟ್‌ವೇವ್ ಡಯಾಥರ್ಮಿ ಅಂತ ಇನ್ನೊಂದಿದೆ, ಒಳಗೆ ಕಾಯಿಸುವುದು. ರಾಡ್, ಪ್ಲೇಟ್ ಇದ್ದ ಕಡೆ ಅದನ್ನು ಇಡಲೇಬಾರದು, ಲೋಹ ಕಾಯ್ದು ಸುತ್ತಲಿನ ಮಾಂಸ ಸುಡುತ್ತದೆ. ಕಲ್ಪತರು, ಯಾರಾದರೂ "ಎಲ್ಲಾ ಕರೆಂಟೂ ಒಂದೇ" ಅಂದರೆ ಎದ್ದು ಬಾ.

ಮೂಳೆಯ ಕಾಯಿಲ್ ಕಟ್ಟಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಬಿಸಿ ಇಲ್ಲ, ಜುಮು ಇಲ್ಲ. ಪೆಟ್ಟಿಗೆಯ ದೀಪ ನೋಡಿಯೇ ನಂಬಬೇಕು. ಅದಕ್ಕೇ ಜನ ಒಂದು ವಾರಕ್ಕೆ ಬೇಜಾರಾಗಿ ಮೂಲೆಗೆ ಎಸೆಯುತ್ತಾರೆ. ಹಳೆಯ ಮಾದರಿಗಳನ್ನು ದಿನಕ್ಕೆ 8-10 ಗಂಟೆ ಕಟ್ಟಬೇಕಿತ್ತು. ಈಗಿನ ಕೆಲವಕ್ಕೆ 3 ಗಂಟೆ, ಇನ್ನೊಂದು ಬಗೆಗೆ ಅರ್ಧ ಗಂಟೆ. ಕೂಡದ 139 ಮೂಳೆಗಳ ಒಂದು ಅಮೆರಿಕನ್ ವರದಿ 1991ರಲ್ಲಿ ಬಂತು. ದಿನಕ್ಕೆ 3 ಗಂಟೆಗಿಂತ ಕಡಿಮೆ ಬಳಸಿದವರಲ್ಲಿ ಶೇ. 36ರಷ್ಟು ಕೂಡಿದವು, ಜಾಸ್ತಿ ಬಳಸಿದವರಲ್ಲಿ ಶೇ. 80.

ಅಂಕಿ_ಅಣ್ಣ:
ಅಕ್ಕ, ಆ ವರದಿಯಲ್ಲಿ ಡಮ್ಮಿ ಗುಂಪು ಇರಲಿಲ್ಲ. ದಿನವೂ ನಿಷ್ಠೆಯಿಂದ ಮೆಷಿನ್ ಕಟ್ಟುವವನು ಔಷಧಿಯನ್ನೂ ಸರಿಯಾಗಿ ತೆಗೆದುಕೊಳ್ಳುತ್ತಾನೆ, ಹೇಳಿದ ಹಾಗೆ ಕಾಲೂರುತ್ತಾನೆ. ಸೋಮಾರಿ ಯಾವುದನ್ನೂ ಮಾಡುವುದಿಲ್ಲ. ಅಂತರ ಮೆಷಿನ್‌ನದೋ, ಮನುಷ್ಯನದೋ?

ಫಿಸಿಯೋ_ಅಕ್ಕ:
ಒಪ್ಪುತ್ತೇನೆ ಅಣ್ಣ. ಆದರೆ ಅರ್ಧ ಡೋಸ್ ತೆಗೆದುಕೊಂಡು "ಔಷಧಿ ಕೆಲಸ ಮಾಡಲಿಲ್ಲ" ಅನ್ನುವುದೂ ಅನ್ಯಾಯ.

ಹಿತ್ತಲ_ಮದ್ದು:
ಇಷ್ಟೆಲ್ಲ ಯಾಕೆ? ಮಂಗರವಳ್ಳಿ ತಿನ್ನಿಸಿ. ಮೂಳೆಯಂತೆಯೇ ಗಿಣ್ಣು ಗಿಣ್ಣು ಇರುವ ಬಳ್ಳಿ. ಎಳೆ ಕುಡಿ ತಂದು ತುಪ್ಪದಲ್ಲಿ ಹುರಿದು, ಹುಣಸೆಹಣ್ಣು ಜಾಸ್ತಿ ಹಾಕಿ ಚಟ್ನಿ ಮಾಡಿ. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ರಾಗಿ_ಕಣಜ:
ಜೊತೆಗೆ ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕಿಯಲ್ಲಿ ಏನಿದೆ ಮಣ್ಣು.

ಕರಾವಳಿ_ಕಾಗೆ:
ಅಕ್ಕಿಯ ಸುದ್ದಿಗೆ ಬರಬೇಡಿ. ಕುಚ್ಚಲಕ್ಕಿ ಗಂಜಿ ಉಂಡ ನಮ್ಮ ಅಜ್ಜ 90ರಲ್ಲಿ ತೆಂಗಿನ ಮರ ಹತ್ತುತ್ತಿದ್ದರು.

ರಾಗಿ_ಕಣಜ:
ಹತ್ತುತ್ತಿದ್ದರು ಸರಿ, ಬಿದ್ದರೆ ಗೊತ್ತಾಗುತ್ತಿತ್ತು.

ನಿರ್ವಾಹಕ:
ಮುದ್ದೆ-ಗಂಜಿ ಜಗಳಕ್ಕೆ ಬೇರೆ ಎಳೆ ಇದೆ, 214 ಪುಟ ಆಗಿದೆ. ಅಲ್ಲಿಗೆ ಹೋಗಿ.

ಕಲ್ಪತರು_ಹುಡುಗ:
ಡಾಕ್ಟ್ರೇ, ಎಲ್ಲ ಕೇಳಿಕೊಂಡು ಬಂದೆ. ಶುಗರ್ ಇಲ್ಲ. ಗಾಯ ಚೆನ್ನಾಗಿ ಒಣಗಿತ್ತು, ಕೀವು ಬಂದಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸೋಂಕಿನ ಲಕ್ಷಣ ಇಲ್ಲವಂತೆ. ಸಂದು ತುಂಬಾ ಸಣ್ಣದು, ಎರಡು ಮೂರು ಮಿಲಿಮೀಟರ್ ಇರಬಹುದು ಎಂದರು. ಸ್ಕ್ರೂ ಎಲ್ಲ ಸರಿಯಾಗಿವೆ. ನೋವಿನ ಮಾತ್ರೆ ಮಾತ್ರ ಹೌದು, ಮೆಡಿಕಲ್‌ನಲ್ಲಿ ತಾವೇ ತಂದು ದಿನಕ್ಕೆ ಎರಡು ನುಂಗುತ್ತಿದ್ದರಂತೆ. ನನಗೂ ಗೊತ್ತಿರಲಿಲ್ಲ.

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ಆ ಗುಳಿಗೆ ಮೊದಲು ನಿಲ್ಲಿಸಲಿ, ಕೊನೆಯ ಪಕ್ಷ ತಮ್ಮ ಡಾಕ್ಟರನ್ನು ಕೇಳಿ ಬದಲಿಸಲಿ. ಈ ಜಾತಿಯ ಗುಳಿಗೆಗಳು ಎಲುಬು ಕೂಡುವುದನ್ನು ಎಷ್ಟು ತಡೆಯುತ್ತವೆ ಅನ್ನುವುದರಲ್ಲಿ ನಮ್ಮಲ್ಲೇ ಜಗಳ ಇದೆ. ಆದರೆ ಏಳು ತಿಂಗಳು ದಿನವೂ ನುಂಗಿದರೆ ಕಿಡ್ನಿ ಸುಮ್ಮನೆ ಬಿಡುತ್ತದೇನು?

ಇನ್ನೊಂದು ಮಾತು. ಅಮೆರಿಕದ ಹಳೆಯ ಲೆಕ್ಕದ ಪ್ರಕಾರ 9 ತಿಂಗಳಾಗಿ, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಮುಂದುವರಿದಿರದಿದ್ದರೆ ಅದು ನಾನ್‌ಯೂನಿಯನ್, ಅಂದರೆ ಕೂಡದೇ ನಿಂತುಹೋದದ್ದು. ಅಪ್ಪನವರದು 7 ತಿಂಗಳು, ಅಂದರೆ ತಡವಾಗಿದೆ. ನಾಲ್ಕನೇ ತಿಂಗಳ ಎಕ್ಸ್‌ರೇಯನ್ನೂ ಈಗಿನದನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಹೇಳು. ಸ್ವಲ್ಪವಾದರೂ ಹೊಸ ಎಲುಬು ಬಂದಿದ್ದರೆ ಕಥೆ ಬೇರೆ.

ಫಿಸಿಯೋ_ಅಕ್ಕ:
ಕಲ್ಪತರು, ಡಾಕ್ಟರು ಏಳು ಪ್ರಶ್ನೆ ಕೇಳಿದ್ದರು. ಆರಕ್ಕೆ ಉತ್ತರ ಬಂದಿದೆ. ಬೀಡಿಯದು ಎಲ್ಲಿ?

ಕಲ್ಪತರು_ಹುಡುಗ:
...ದಿನಕ್ಕೆ ಒಂದು ಕಟ್ಟು.

ಚುರುಮುರಿ:
ಮೊದಲು ಆ ಕಟ್ಟು ಬಿಡಿಸಿ ಮಾರಾಯರೇ, ಆಮೇಲೆ ಪುತ್ತೂರು ಕಟ್ಟಿನ ಯೋಚನೆ.

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ಇದನ್ನು ಮೊದಲೇ ಹೇಳಬಾರದಿತ್ತೇನಪ್ಪಾ? ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಜಾಗ. ಸೇದುವವರ ಟಿಬಿಯಾ ಸೇದದವರಿಗಿಂತ ತಡವಾಗಿ ಕೂಡುತ್ತದೆ, ಕೂಡದೇ ಉಳಿಯುವುದೂ ಹೆಚ್ಚು. ಇದರಲ್ಲಿ ನಮಗೆ ಜಗಳ ಇಲ್ಲ. 22 ಸಾವಿರದ ಮೆಷಿನ್ ಕಟ್ಟಿಕೊಂಡು ಬಾಯಲ್ಲಿ ಬೀಡಿ ಇಟ್ಟುಕೊಂಡರೆ ಒಂದು ಕೈಯಲ್ಲಿ ನೀರು ಹಾಯಿಸಿ ಇನ್ನೊಂದು ಕೈಯಲ್ಲಿ ತೂಬು ಮುಚ್ಚಿದ ಹಾಗೆ.

ಕಲ್ಪತರು_ಹುಡುಗ:
ಹೇಳಲು ಮುಜುಗರ ಆಯಿತು ಸರ್. ಏಳು ತಿಂಗಳು ಮನೆಯಲ್ಲೇ ಕೂತು ಅದೇ ಒಂದು ಆಸರೆ ಆಗಿದೆ ಅವರಿಗೆ. ಅಮ್ಮ ಬೈದು ಬೈದು ಬಿಟ್ಟಿದ್ದಾರೆ. ಸರಿ, ಬೀಡಿ ವಿಷಯ ನೋಡಿಕೊಳ್ಳುತ್ತೇನೆ. ಮೆಷಿನ್ ವಿಷಯ ನೇರವಾಗಿ ಹೇಳಿ. ಕೆಲಸ ಮಾಡುತ್ತದಾ ಇಲ್ಲವಾ?

ಅಂಕಿ_ಅಣ್ಣ:
ನೇರವಾಗಿ ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಆದರೂ ಹೇಳುತ್ತೇನೆ, ಚಹಾ ತಂದುಕೊಂಡು ಓದು.

ಕರೆಂಟಿನಿಂದ ಮೂಳೆ ಕೂಡಿಸುವ ಆಸೆ ಹಳೆಯದು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1812ರಲ್ಲೇ ಕೂಡದ ಟಿಬಿಯಾಕ್ಕೆ ಶಾಕ್ ಕೊಟ್ಟು ನೋಡಿದ್ದರು. ಈಗಿನ ಕಾಯಿಲ್‌ಗೆ ತಂದೆ ಅಂತ ಯಾರಾದರೂ ಇದ್ದರೆ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಬ್ಯಾಸೆಟ್. ನಾಯಿಗಳ ಕಾಲಿನ ಮೂಳೆ ಕತ್ತರಿಸಿ, ಹೊರಗಿನಿಂದ ಕಾಯಿಲ್ ಇಟ್ಟು, ಬೇಗ ಗಟ್ಟಿಯಾಯಿತು ಅಂತ 1974ರಲ್ಲಿ ಬರೆದ. 1979ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿ-ಸಲಕರಣೆಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಕೂಡದ ಮೂಳೆಗಳಿಗೆ ಬಳಸಲು ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಡಮ್ಮಿ ಇಟ್ಟು ಹೋಲಿಸಿದ ದೊಡ್ಡ ಪರೀಕ್ಷೆ ಇರಲಿಲ್ಲ.

ಆಮೇಲೆ ಬಂದದ್ದು ಇಂಗ್ಲೆಂಡಿನ ಶೆಫೀಲ್ಡ್‌ನವರು. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ. 1984ರಲ್ಲಿ ಟಿಬಿಯಾ ಕೂಡದ 16 ಜನರನ್ನು ತೆಗೆದುಕೊಂಡರು. ಕೆಲವರಿಗೆ ನಿಜವಾದ ಮೆಷಿನ್, ಕೆಲವರಿಗೆ ಒಳಗೆ ಏನೂ ಓಡದ ಡಮ್ಮಿ. ಅಕ್ಕ ಹೇಳಿದ ಹಾಗೆ ಏನೂ ಗೊತ್ತಾಗುವುದಿಲ್ಲವಲ್ಲ, ಮೋಸ ಮಾಡುವುದು ಸುಲಭ. ನಿಜವಾದದ್ದು ಕಟ್ಟಿಕೊಂಡ 9 ಜನರಲ್ಲಿ 5 ಜನಕ್ಕೆ ಕೂಡಿತು. ಡಮ್ಮಿ ಕಟ್ಟಿಕೊಂಡ 7 ಜನರಲ್ಲೂ 5 ಜನಕ್ಕೆ ಕೂಡಿತು! ಎಲ್ಲರ ಕಾಲಿಗೂ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಟ್ಟಿದ್ದರು. ಕೂಡಿಸಿದ್ದು ಅದೇ ಇರಬಹುದು.

ಅದೇ ತಂಡದಲ್ಲಿದ್ದ ಶರಾರ್ಡ್ 1990ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿದರು. ಈ ಸಲ ತಡವಾದ ಟಿಬಿಯಾಗಳು, ಅಂದರೆ ಹೆಚ್ಚುಕಮ್ಮಿ ನಿಮ್ಮ ಅಪ್ಪನಂಥವು. 45 ಜನ, 12 ವಾರ. ನಿಜವಾದ ಮೆಷಿನ್‌ನ 20ರಲ್ಲಿ 9 ಕೂಡಿದವು, ಡಮ್ಮಿಯ 25ರಲ್ಲಿ 3. ಈಗ ಯಾವುದನ್ನು ನಂಬುತ್ತೀಯ?

ಸುರುಳಿ_ಸುತ್ತೋನು:
ಎರಡನೆಯದನ್ನು. ಸಂಖ್ಯೆ ಜಾಸ್ತಿ ಇದೆಯಲ್ಲ.

ಅಂಕಿ_ಅಣ್ಣ:
45 ಏನು ಮಹಾ ಜಾಸ್ತಿ? ಅಂಥ ನಾಲ್ಕು ಪರೀಕ್ಷೆಗಳನ್ನು ಕೂಡಿಸಿ 2011ರಲ್ಲಿ ಕಾಕ್ರೇನ್‌ನವರು (ಚಿಕಿತ್ಸೆಗಳ ಪರೀಕ್ಷೆಗಳನ್ನು ಒಟ್ಟು ಹಾಕಿ ತೂಗಿ ನೋಡುವ ಸಂಸ್ಥೆ) ನೋಡಿದರು, ಒಟ್ಟು 125 ಜನ. ವಾಲುವುದು ಮೆಷಿನ್ ಕಡೆಗೇ, ಆದರೆ ಗಟ್ಟಿಯಾಗಿ ಹೇಳುವಷ್ಟಲ್ಲ ಅಂದರು. 2016ರಲ್ಲಿ ಇನ್ನೊಂದು ತಂಡ ಬೇರೆ ಬೇರೆ ಬಗೆಯ ಕರೆಂಟ್‌ಗಳ 15 ಪರೀಕ್ಷೆ ಒಟ್ಟು ಹಾಕಿತು. ಎಕ್ಸ್‌ರೇಯಲ್ಲಿ ಕೂಡದೇ ಉಳಿಯುವ ಅಪಾಯ ಸುಮಾರು ಶೇ. 35 ಕಡಿಮೆ. ನೋವೂ ಸ್ವಲ್ಪ ಕಡಿಮೆ. ಆದರೆ ಓಡಾಟ, ಕೆಲಸ ಮಾಡುವ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶೇ. 35 ಅಂದರೆ 100ಕ್ಕೆ 35 ಜನಕ್ಕೆ ವಾಸಿ ಅಂತಲ್ಲ, ಇದನ್ನು ಮಾರುವವರು ಹಾಗೇ ಹೇಳುತ್ತಾರೆ. 100 ಜನರಲ್ಲಿ 30 ಜನಕ್ಕೆ ಕೂಡದೇ ಉಳಿಯುವುದಿದ್ದರೆ ಈಗ ಸುಮಾರು 20 ಜನಕ್ಕೆ ಉಳಿಯುತ್ತದೆ, ಅಷ್ಟೇ.

ಹೊಸದಾಗಿ ಮುರಿದದ್ದಕ್ಕೆ ಮಾತ್ರ ದುಡ್ಡು ಹಾಕಲೇಬೇಡಿ. ಆಸ್ಟ್ರೇಲಿಯಾದಲ್ಲಿ ಟಿಬಿಯಾ ಮುರಿದ 259 ಜನಕ್ಕೆ ಮೊದಲಿನಿಂದಲೇ ದಿನಕ್ಕೆ 10 ಗಂಟೆ ಕಾಯಿಲ್ ಕಟ್ಟಿಸಿದರು, ಕೆಲವರಿಗೆ ನಿಜವಾದದ್ದು, ಕೆಲವರಿಗೆ ಡಮ್ಮಿ. ಇನ್ನೊಂದು ಆಪರೇಷನ್ ಬೇಕಾದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ.

ಕರಾವಳಿ_ಕಾಗೆ:
ಚಹಾ ಮುಗಿಯಿತು, ನಿಮ್ಮ ಉತ್ತರ ಮುಗಿಯಲಿಲ್ಲ. ಹೌದಾ, ಅಲ್ವಾ?

ಅಂಕಿ_ಅಣ್ಣ:
ಸ್ವಲ್ಪ ಹೌದು.

ಕರಾವಳಿ_ಕಾಗೆ:
ಇದಕ್ಕೆ ಇಷ್ಟುದ್ದ ಬರೆಯಬೇಕಿತ್ತಾ!

ಹಿತ್ತಲ_ಮದ್ದು:
ನೋಡಿದಿರಾ? ಅಷ್ಟು ಪರೀಕ್ಷೆ ಮಾಡಿ "ಸ್ವಲ್ಪ ಹೌದು". ಮಂಗರವಳ್ಳಿಗೆ ಬಾಡಿಗೆ ಇಲ್ಲ.

ಅಂಕಿ_ಅಣ್ಣ:
ಮಂಗರವಳ್ಳಿಗೂ ಡಮ್ಮಿ ಚಟ್ನಿ ಮಾಡಿ 45 ಜನಕ್ಕೆ ತಿನ್ನಿಸಿ ಬನ್ನಿ, ಗೌರವದಿಂದ ಓದುತ್ತೇನೆ.

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ಚಟ್ನಿ ತಿನ್ನಲಿ, ಮುದ್ದೆಯೂ ಉಣ್ಣಲಿ, ಯಾರು ಬೇಡ ಅಂದರು? ವಿಟಮಿನ್ ಡಿ ಕಡಿಮೆ ಇದ್ದರೆ ಅದನ್ನೂ ತುಂಬಿಸಿ. ಆದರೆ ತಮ್ಮಾ, ನನ್ನ ಮಾತು ಕೇಳು. ಕಾಯಿಲ್ ಜೀವಕೋಶಗಳಿಗೆ ಒಂದು ತಟ್ಟು ತಟ್ಟುತ್ತದೆ ಅಂತ ಇಟ್ಟುಕೋ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಅದರಿಂದ ಎಲುಬು ಕಟ್ಟುವ ಕೆಲಸ ಚುರುಕಾಗುತ್ತದೆ ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಆದರೆ ಎರಡು ತುದಿ ದೂರ ನಿಂತಿದ್ದರೆ, ಅಥವಾ ಒಳಗೆ ಲಟಲಟ ಅಲ್ಲಾಡುತ್ತಿದ್ದರೆ ಎಷ್ಟು ತಟ್ಟಿದರೂ ಅಷ್ಟೇ. ಒಂದು ಸೆಂಟಿಮೀಟರ್ ಸಂದು ಇದ್ದರೆ ಕಾಯಿಲ್ ಕೆಲಸಕ್ಕೆ ಬಾರದು. ಸೋಂಕಿದ್ದರೆ ಮೊದಲು ಸೋಂಕು. ಅಪ್ಪನವರಿಗೆ ದೊಡ್ಡ ಸಂದೂ ಇಲ್ಲ, ಸೋಂಕೂ ಇಲ್ಲ, ಒಳ್ಳೆಯದು.

ನಾನಾಗಿದ್ದರೆ ಕೇಳುತ್ತಿದ್ದ ಪ್ರಶ್ನೆ ಬೇರೆ. ರಾಡ್‌ಗೆ ಮೇಲೆ ಕೆಳಗೆ ಅಡ್ಡ ಸ್ಕ್ರೂ ಹಾಕಿರುತ್ತಾರೆ, ಎಲುಬು ತಿರುಗಬಾರದು, ಕುಗ್ಗಬಾರದು ಅಂತ. ಕೆಲವು ಸಲ ಆ ಸ್ಕ್ರೂಗಳೇ ಎರಡು ತುದಿಯನ್ನು ದೂರ ಹಿಡಿದು ನಿಲ್ಲಿಸಿಬಿಡುತ್ತವೆ. ಒಂದು ಬದಿಯವನ್ನು ತೆಗೆದರೆ ಕಾಲೂರಿದಾಗ ತುದಿಗೆ ತುದಿ ಒತ್ತುತ್ತದೆ. ಸಣ್ಣ ಕೆಲಸ. ನಮ್ಮಲ್ಲಿ ಡೈನಮೈಸೇಷನ್ ಅನ್ನುತ್ತೇವೆ. ಎಲ್ಲರಿಗೂ ಹೊಂದುವುದಿಲ್ಲ, ಮುರಿದ ರೀತಿ ನೋಡಬೇಕು. ಅದೂ ಆಗದಿದ್ದರೆ ಹಳೆಯ ರಾಡ್ ತೆಗೆದು ದಪ್ಪನೆಯದು ಹಾಕುವುದು, ಬೇಕಾದರೆ ಸೊಂಟದ ಎಲುಬು ಸ್ವಲ್ಪ ತಂದು ತುಂಬುವುದು. ಡಾಕ್ಟರು "ಇನ್ನೊಂದು ಆಪರೇಷನ್" ಅಂದದ್ದು ಇದರಲ್ಲಿ ಯಾವುದು ಅಂತ ಕೇಳಿಕೊಂಡು ಬಾ.

ಸುರುಳಿ_ಸುತ್ತೋನು:
ಡಾಕ್ಟ್ರೇ, ಕಾಲೂರಿದಾಗ ತುದಿಗೆ ತುದಿ ಒತ್ತುತ್ತದೆ ಅಂದಿರಲ್ಲ. ಒತ್ತಿದರೆ ವೋಲ್ಟೇಜ್ ಹುಟ್ಟುತ್ತದೆ. ಅಂದರೆ ಸ್ಕ್ರೂ ತೆಗೆಯುವುದೂ ಕರೆಂಟ್ ಚಿಕಿತ್ಸೆಯೇ. ಮೆಷಿನ್ ಇಲ್ಲದ್ದು.

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ನಿಮ್ಮ ಕೈಗೆ ಏನು ಕೊಟ್ಟರೂ ಅದರಲ್ಲಿ ಸುರುಳಿ ಸುತ್ತುತ್ತೀರಿ. ಆದರೆ ತಪ್ಪು ಅನ್ನಲಾರೆ.

ಫಿಸಿಯೋ_ಅಕ್ಕ:
ತೆಗೆದುಕೊಳ್ಳುವುದೇ ಆದರೆ ಮಾರುವವನ ಮಾತು ಕೇಳಬೇಡ, ನಿಮ್ಮ ಸರ್ಜನ್ ಬರೆದುಕೊಡಲಿ. ಮೂಳೆಗೆಂದೇ ಮಾಡಿದ್ದಾ, ಸುಮ್ನೆ ಮೈಕೈ ನೋವಿನ ಮ್ಯಾಗ್ನೆಟ್ ಮೆಷಿನ್ನಾ ಅಂತ ಪುಸ್ತಕ ಕೇಳಿ ಓದು. ಎಷ್ಟು ಗಂಟೆ ಓಡಿತು ಅಂತ ಒಳಗೇ ದಾಖಲಾಗುವ ಮಾದರಿ ಸಿಕ್ಕರೆ ಒಳ್ಳೆಯದು, ಅಪ್ಪ ಸುಳ್ಳು ಹೇಳಲು ಆಗುವುದಿಲ್ಲ. ಕಾಯಿಲ್ ಮುರಿದ ಜಾಗಕ್ಕೆ ಸರಿಯಾಗಿ ಕೂರಬೇಕು, ಎಕ್ಸ್‌ರೇ ನೋಡಿ ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸಿಕೋ. ಪೇಸ್‌ಮೇಕರ್ ಇದ್ದವರು ಹೃದಯದ ಡಾಕ್ಟರನ್ನು ಕೇಳದೆ ಹತ್ತಿರವೂ ಹೋಗಬಾರದು.

ಕಲ್ಪತರು_ಹುಡುಗ:
ರಾಡ್‌ಗೆ ಕಾಂತ ಅಂಟಿಕೊಳ್ಳುವುದಿಲ್ಲವಾ ಅಂತ ಅಮ್ಮ ಕೇಳುತ್ತಿದ್ದಾರೆ.

ಸುರುಳಿ_ಸುತ್ತೋನು:
ಇಲ್ಲ ಅಂತ ಹೇಳಿ. ಒಳಗೆ ಹಾಕುವುದು ಟೈಟಾನಿಯಂ ಅಥವಾ ಕಾಂತ ಹಿಡಿಯದ ಬಗೆಯ ಸ್ಟೀಲ್. ಈ ಕಾಯಿಲ್‌ನ ಶಕ್ತಿಗೆ ಅದು ಬಿಸಿಯೂ ಆಗುವುದಿಲ್ಲ. ಅಮ್ಮನ ಪ್ರಶ್ನೆ ಚೆನ್ನಾಗಿದೆ, ಮಾರುವವನು ಇದನ್ನು ಹೇಳಿರುವುದಿಲ್ಲ.

ಕಲ್ಪತರು_ಹುಡುಗ (ನಾಲ್ಕೂವರೆ ತಿಂಗಳ ನಂತರ):
ಎಲ್ಲರಿಗೂ ನಮಸ್ಕಾರ, ಮರೆತಿದ್ದೇನೆ ಅಂದುಕೊಳ್ಳಬೇಡಿ.

ಹುಬ್ಬಳ್ಳಿ ಡಾಕ್ಟರು ಬರೆದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ ನಮ್ಮ ಸರ್ಜನ್‌ಗೆ ಕೇಳಿದೆ. ಮೊದಲು ಸಿಟ್ಟಾದರು, ಆಮೇಲೆ ಎರಡೂ ಎಕ್ಸ್‌ರೇ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಹಿಮ್ಮಡಿ ಕಡೆಯ ಎರಡು ಸ್ಕ್ರೂ ಇರಲಿ, ಮೊಣಕಾಲಿನ ಕೆಳಗಿನದನ್ನು ತೆಗೆಯುತ್ತೇನೆ ಅಂದರು. ಅರ್ಧ ದಿನದಲ್ಲಿ ಮನೆಗೆ ಬಂದೆವು. ಮೆಷಿನ್ ಬೇಕಾದರೆ ಹಾಕಿಕೊಳ್ಳಿ, ತೊಂದರೆ ಇಲ್ಲ ಎಂದರು. ಹಾಗಾಗಿ ಅದನ್ನೂ ತಂದೆ, ಚೌಕಾಸಿ ಮಾಡಿ 16 ಸಾವಿರಕ್ಕೆ. ಅಪ್ಪ ದಿನವೂ ಸಂಜೆ ಧಾರಾವಾಹಿ ಶುರುವಾದಾಗ ಕಟ್ಟಿಕೊಂಡು ರಾತ್ರಿ ವಾರ್ತೆ ಮುಗಿದ ಮೇಲೆ ಬಿಚ್ಚುತ್ತಾರೆ. ಸುಮಾರು ನಾಲ್ಕು ಗಂಟೆ. ಬೀಡಿ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಮೂರಕ್ಕೆ ಇಳಿದಿದೆ. ಅಮ್ಮ ಎಣಿಸಿ ಕೊಡುತ್ತಾರೆ.

ಮೊನ್ನೆ ಎಕ್ಸ್‌ರೇಯಲ್ಲಿ ನಾಲ್ಕು ಕಡೆಯಲ್ಲಿ ಮೂರು ಕಡೆ ಹೊಸ ಮೂಳೆ ಸಂದು ದಾಟಿದೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ನಿನ್ನೆ ನನಗೆ ಹೇಳದೆ ತೋಟಕ್ಕೆ ಹೋಗಿ ಬಂದರು.

ರಾಗಿ_ಕಣಜ:
ಮುದ್ದೆ ಉಂಡರಾ ಇಲ್ಲವಾ, ಅದು ಹೇಳಿ.

ಕಲ್ಪತರು_ಹುಡುಗ:
ಅದು ಹುಟ್ಟಿದಾಗಿನಿಂದ ಉಣ್ಣುತ್ತಿದ್ದಾರೆ ಅಣ್ಣ. ಮಂಗರವಳ್ಳಿ ಚಟ್ನಿಯೂ ವಾರಕ್ಕೆರಡು ಸಲ.

ಹಿತ್ತಲ_ಮದ್ದು:
ಹಾಗೆ ಹೇಳಿ ಮತ್ತೆ!

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ಬಹಳ ಸಂತೋಷ ಆತು ತಮ್ಮಾ. ಸ್ಕ್ರೂ ತೆಗೆದದ್ದೇ ಕಾರಣ, ನಾನು ಬರೆದುಕೊಡುತ್ತೇನೆ.

ಸುರುಳಿ_ಸುತ್ತೋನು:
ದಿನಕ್ಕೆ ನಾಲ್ಕು ಗಂಟೆ ಕಾಯಿಲ್ ಕಟ್ಟಿದ್ದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿಲ್ಲ, ಅಲ್ವಾ?

ಫಿಸಿಯೋ_ಅಕ್ಕ:
ಬೀಡಿ ಎಣಿಸಿದ ಅಮ್ಮನನ್ನೂ ಇಟ್ಟುಕೊಂಡಿಲ್ಲ.

ಅಂಕಿ_ಅಣ್ಣ:
ಒಬ್ಬ ರೋಗಿ, ಐದು ಚಿಕಿತ್ಸೆ, ಡಮ್ಮಿ ಇಲ್ಲ. ನಾನು ಏನೂ ಹೇಳುವುದಿಲ್ಲ. ಅಪ್ಪನಿಗೆ ನಮಸ್ಕಾರ ಹೇಳು.

ನ್ಯೂಜೆರ್ಸಿ_ನಂಜನಗೂಡು:
ಕಲ್ಪತರು, ಬಾಡಿಗೆ ಅವಧಿ ಇನ್ನೂ ಉಳಿದಿದೆಯಾ? ಮೈಸೂರಲ್ಲಿ ನಮ್ಮ ಅತ್ತೆಗೆ ತೊಡೆ ಮೂಳೆ ಮುರಿದು ಎಂಟು ತಿಂಗಳಾಯಿತು, ಕೂಡಿಲ್ಲವಂತೆ. ಈ ಸಲ ಸರಿಯಾದ ಮೆಷಿನ್ನೇ ಕೇಳುತ್ತಿದ್ದೇನೆ, ಜೆಲ್ ಹಚ್ಚುವುದಲ್ಲ.

ಎಲುಬಿನ_ಡಾಕ್ಟ್ರು (ಹುಬ್ಬಳ್ಳಿ):
ತಡೀರಿ. ಅತ್ತೆಯವರಿಗೆ ಶುಗರ್ ಇದೆಯಾ? ಪೇಸ್‌ಮೇಕರ್? ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರಾ?

ನ್ಯೂಜೆರ್ಸಿ_ನಂಜನಗೂಡು:
ಫೋನ್ ಮಾಡಿ ಕೇಳಿ ಹೇಳುತ್ತೇನೆ. ಹೊಗೆಸೊಪ್ಪಿನ ಪ್ರಶ್ನೆಯನ್ನು ಮಾತ್ರ ನನ್ನ ಹೆಂಡತಿಯೇ ಕೇಳಲಿ.